ತಟ್ಟೆಗೆ ಹಾಕಿದ ಕೈ

ಬಿದಿರು ಸೀಳುವಾಗ ಹೆಬ್ಬೆರಳು ಕೊಯ್ದುಕೊಂಡ ಬುಟ್ಟಿ ಹೆಣೆಯುವವಳು ಆಸ್ಪತ್ರೆಯ ಇಂಜೆಕ್ಷನ್ ಕೋಣೆಯ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಅತ್ತೆ, ಸೊಸೆ. ಅತ್ತೆಯ ಬಲಗೈಗೆ ಬ್ಯಾಂಡೇಜು. ಬೇಡವೆಂದರೂ ಅವರ ಮಾತು ಇವಳ ಕಿವಿಗೆ ಬೀಳುತ್ತಿತ್ತು.

“ಸಂಜೆ ಇಟ್ಟಿಗೆ ಭಟ್ಟಿಯವರು ಬಂದು ನಾಯೀನ ಕರ್ಕೊಂಡು ಹೋಗ್ತಾರೆ, ಅತ್ತೆ.”

“ಅಲ್ಲಿ ಹಗಲೂ ರಾತ್ರಿ ಸರಪಳಿ ಬಿಚ್ಚಲ್ವಂತೆ. ಬೇಡ ಅನ್ನು.”

“ಕಚ್ಚಿಸ್ಕೊಂಡವರೇ ಬೇಡ ಅಂದ್ರೆ ಹೇಗೆ? ನಾಳೆ ಮಗೂನ ಕಚ್ಚಿದ್ರೆ?”

“ಮಗು ಅದರ ತಟ್ಟೆಗೆ ಕೈ ಹಾಕಲ್ವಲ್ಲ.”

ಸೊಸೆ ಪೂರ್ತಿ ಅತ್ತೆಯ ಕಡೆ ತಿರುಗಿದಳು. “ನೀವು ಹಾಕಿದ್ರಾ?”

“ದಿನಾ ಹಾಕ್ತಿದ್ದೆ. ತಿನ್ನೋವಾಗ ತಟ್ಟೆ ಕಿತ್ಕೊಂಡ್ರೆ ನಾಯಿ ಸಾಧು ಆಗುತ್ತೆ ಅಂತ ನಮ್ಮಪ್ಪ ಹೇಳ್ತಿದ್ದ.”

“ನಿಮ್ಮ ಮಗನ್ನೂ ಹಾಗೇ ಸಾಧು ಮಾಡ್ಬೇಕಿತ್ತು.”

ಬುಟ್ಟಿಯವಳು ಬಾಯಿಗೆ ಸೆರಗು ಒತ್ತಿಕೊಂಡಳು.

“ಪಾಪ, ತಿಂಗಳಿಂದ ಗುರುಗುಟ್ಟಿ ಹೇಳ್ತಾನೇ ಇತ್ತು. ನಾನೇ ಕೇಳ್ಲಿಲ್ಲ,” ಎಂದಳು ಅತ್ತೆ.

“ಇದನ್ನ ಮೊದಲೇ ಹೇಳೋದಲ್ವಾ?”

“ನಾಯಿಗಿಂತ ನಿನ್ನ ಬಾಯಿಗೇ ನಾನು ಹೆದರೋದು ಕಣೆ.”

ಸೊಸೆ ಫೋನು ತೆಗೆದಳು. “ಅಣ್ಣಾ, ಸಂಜೆ ಗಾಡಿ ತರಬೇಡಿ. ನಾಯಿ ನಮ್ಮಲ್ಲೇ ಇರ್ಲಿ.” ಫೋನಿಟ್ಟು ಅತ್ತೆಗೆ ಬೆರಳು ತೋರಿಸಿದಳು. “ಇನ್ಮೇಲೆ ಹಿತ್ತಲಲ್ಲಿ ನಾನೇ ಊಟ ಹಾಕ್ತೀನಿ. ಅದು ತಿಂದು ಮುಗಿಸೋವರೆಗೂ ಬಾಗಿಲಿಗೆ ಅಗುಳಿ. ನಿಮಗೂ, ಮಗೂಗೂ.”

“ಆಯ್ತಮ್ಮ.”

“ನಾಯಿ ಕಚ್ಚಿದವರು ಬನ್ನಿ,” ಎಂದು ನರ್ಸ್ ಕೂಗಿದಳು.

ಅತ್ತೆ ಸೊಸೆಯ ಭುಜ ಹಿಡಿದು ಎದ್ದಳು. “ತಪ್ಪು ನಾಯೀದಲ್ಲ ಅಂತ ಚೀಟೀಲಿ ಬರೀತಾರಾ, ಕೇಳು,” ಎನ್ನುತ್ತಲೇ ಒಳಗೆ ಹೋದಳು.