ಡ್ಯೂಕ್ ಅವರ ಬಲಗಡೆಯ ಪದಕ

ಪಾದ್ರಿಗಳೇ, ಡ್ಯೂಕ್ ಅವರ ಮನೆಯಲ್ಲಿ ನಮ್ಮ ಜೊತೆ ದುಡಿದ ಹಳೆಯ ಗೆಳೆಯರೇ, ನೆರೆಹೊರೆಯವರೇ, ಮತ್ತು ಮುಂದಿನ ಸಾಲಿನಲ್ಲಿ ಮೇಲುಕೋಟು ಬಿಚ್ಚದೆಯೇ ಕೂತಿರುವ ಮ್ಯೂರಿಯಲ್ — ನಿಮ್ಮೆಲ್ಲರಿಗೂ ನನ್ನ ನಮಸ್ಕಾರ. ಮೊದಲು ಯಾರ ಹೆಸರು ಹೇಳಬೇಕು, ಆಮೇಲೆ ಯಾರದ್ದು ಎಂಬುದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಅದನ್ನು ಹೇಳಿಕೊಡುತ್ತಿದ್ದವನೇ ಹೊರಟುಹೋದ. ತಪ್ಪಾಗಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಸಿರಿಲ್ ಟಕ್‌ವೆಲ್. ರೋಥ್‌ಬರಿಯ ಡ್ಯೂಕ್ ಅವರ ಕಾರು ಓಡಿಸುತ್ತಿದ್ದವನು. ತೀರಿಹೋದ ಆಂಬ್ರೋಸ್ ವಿಟ್‌ಕಮ್ ಅದೇ ಡ್ಯೂಕ್ ಅವರ ಉಡುಪು ನೋಡಿಕೊಳ್ಳುತ್ತಿದ್ದವರು. ಇಲ್ಲಿ ನಿಂತು ‘ಮಿಸ್ಟರ್ ವಿಟ್‌ಕಮ್’ ಎಂದೇ ಕರೆಯಬೇಕು ಎಂದುಕೊಂಡು ಬಂದಿದ್ದೆ. ಆಗುತ್ತಿಲ್ಲ. ಆಂಬ್ರೋಸ್ ಎಂದೇ ಕರೆಯುತ್ತೇನೆ.

ಮ್ಯೂರಿಯಲ್ ಅವನ ತಂಗಿ. ಮ್ಯೂರಿಯಲ್ ಅವರ ಒಬ್ಬನೇ ಮಗ ಕೀತ್ ಡನ್‌ಸ್ಟರ್ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಹೋದವನು ವಾಪಸ್ ಬರಲಿಲ್ಲ. ಆ ಹುಡುಗ ಇದ್ದ ರೆಜಿಮೆಂಟಿಗೆ ನಮ್ಮ ಡ್ಯೂಕ್ ಗೌರವ ಕರ್ನಲ್. ಇಷ್ಟನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನೇ ಗೊಂದಲ ಮಾಡಿಕೊಂಡರೆ ನೀವಾದರೂ ದಾರಿ ತಪ್ಪಬಾರದು.

— ಆ ಚಹಾದ ಬಾಯ್ಲರನ್ನು ಯಾರಾದರೂ ಸ್ವಲ್ಪ ಸಣ್ಣಗೆ ಮಾಡ್ತೀರಾ? ಥ್ಯಾಂಕ್ಸ್.

ನಮ್ಮ ಡ್ಯೂಕ್ ಅವರ ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಟ್ಟಲಿನ ಚಹಾ ಆರಿಹೋಗುತ್ತದೆ. ರಾಜಕುಮಾರ, ಡ್ಯೂಕ್, ಅರ್ಲ್, ಬ್ಯಾರನ್. ಗಾರ್ಟರ್ ಎಂಬ ದೊಡ್ಡ ಪದವಿಯ ನೈಟ್. ನೌಕಾಪಡೆಯ ಗೌರವ ಅಡ್ಮಿರಲ್ — ಪಾಪ, ದೋಣಿ ಕಂಡರೇ ಅವರಿಗೆ ಹೊಟ್ಟೆ ತೊಳಸುತ್ತದೆ. ವಾಯುಪಡೆಯಲ್ಲೂ ಏನೋ ಒಂದು. ಕೆಲವು ರೆಜಿಮೆಂಟುಗಳ ಗೌರವ ಕರ್ನಲ್. ಇದರ ಮೇಲೆ ಪಟ್ಟಾಭಿಷೇಕಕ್ಕೊಂದು ಪದಕ, ರಾಣಿಯವರ ಬೆಳ್ಳಿ ಹಬ್ಬಕ್ಕೊಂದು ಪದಕ, ಹೊರದೇಶದ ರಾಜರು ಕೊಟ್ಟ ನಕ್ಷತ್ರಗಳು. ಅವುಗಳಲ್ಲಿ ಕೆಲವನ್ನು ಕೊಟ್ಟ ರಾಜರೂ ಈಗ ಇಲ್ಲ, ಆ ದೇಶಗಳೂ ನಕ್ಷೆಯಲ್ಲಿ ಇಲ್ಲ. ಇವೆಲ್ಲವೂ ಒಂದು ಎದೆಯ ಮೇಲೆ ಹಿಡಿಸಬೇಕು! ಯಾವುದರ ಪಕ್ಕ ಯಾವುದು, ಯಾವ ಸಮವಸ್ತ್ರಕ್ಕೆ ಯಾವ ಪಟ್ಟಿ — ಆಂಬ್ರೋಸ್ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಅವನ್ನು ಸಾಲಾಗಿ ಜೋಡಿಸಿ, ಕನ್ನಡಕ ಏರಿಸಿಕೊಂಡು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಹೊತ್ತಾಯಿತು, ಹೊತ್ತಾಯಿತು ಎಂದು ಒದರುತ್ತಿದ್ದೆ.

“ನಿನ್ನ ಕಾರಿಗೆ ಎಷ್ಟು ಗೇರು?” ಎನ್ನುತ್ತಿದ್ದ. “ಅಷ್ಟಕ್ಕೇ ನೀನು ಇಷ್ಟು ಹಾರಾಡ್ತೀಯ. ಸುಮ್ನೆ ಹೋಗಿ ಹೊರಗೆ ನಿಂತ್ಕೊ.”

ಒಂದು ದಿನ ನಾನೇ ಕೇಳಿದೆ: ಇದನ್ನೆಲ್ಲ ಹೇಗಪ್ಪಾ ನೆನಪಿಟ್ಟುಕೊಳ್ಳುತ್ತೀಯ? ಆಗ ಅವನು ಹೇಳಿದ — ಕೈಯಲ್ಲಿ ತನ್ನ ಎದೆ ಮುಟ್ಟಿ ತೋರಿಸಿದ, ಹೀಗೆ — “ಎಡಗಡೆ ನಿನಗೆ ಸಿಕ್ಕಿದ್ದು. ಬಲಗಡೆ ನೀನು ಕಳಕೊಂಡಿದ್ದು. ಇಷ್ಟು ತಿಳ್ಕೊ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ.” ತೀರಿಹೋದ ಗಂಡನದೋ ಅಪ್ಪನದೋ ಮಗನದೋ ಪದಕವನ್ನು ಮನೆಯವರು ಹಾಕಿಕೊಳ್ಳುವುದು ಬಲಗಡೆ. ನಿಮಗೆ ಇದನ್ನು ಹೇಳಬೇಕಾಗಿಲ್ಲ. ನವೆಂಬರ್ ಬಂತೆಂದರೆ ನಿಮ್ಮಲ್ಲೇ ಎಷ್ಟೋ ಜನ ಬಲಗಡೆ ಪದಕ ಹಾಕಿಕೊಂಡು ಸ್ಮಾರಕದ ಮುಂದೆ ಚಳಿಯಲ್ಲಿ ನಿಂತಿರುತ್ತೀರಿ.

ಒಂದು ನಗುವ ಕಥೆ ಹೇಳಿಬಿಡುತ್ತೇನೆ. ನಕ್ಕರೆ ಆಂಬ್ರೋಸ್ ಬೇಸರ ಮಾಡಿಕೊಳ್ಳುವವನಲ್ಲ. ಒಂದು ಸಣ್ಣ ಊರಿನಲ್ಲಿ ಗ್ರಂಥಾಲಯದ ಉದ್ಘಾಟನೆ. ಡ್ಯೂಕ್ ಅವರ ಕಚೇರಿಯಿಂದ ಪೂರ್ತಿ ಬಿರುದುಗಳ ಸಮೇತ ಹೆಸರು ಹೋಗಿತ್ತು. ಆ ಊರಿನ ಮೇಯರ್ ಅದನ್ನು ಓದಿ, ಬರುವುದು ಮೂರು ಜನ ಎಂದುಕೊಂಡುಬಿಟ್ಟರು. ಊಟದ ಮೇಜಿನ ತಲೆಯಲ್ಲಿ ಮೂರು ಕುರ್ಚಿ — ಡ್ಯೂಕ್ ಅವರಿಗೊಂದು, ಅರ್ಲ್ ಅವರಿಗೊಂದು, ಬ್ಯಾರನ್ ಅವರಿಗೊಂದು! ಮೇಯರ್ ಬಾಗಿಲ ಕಡೆ ನೋಡುತ್ತಲೇ ಇದ್ದಾರೆ. “ಅರ್ಲ್ ಅವರು ದಾರೀಲಿದ್ದಾರಾ, ಸರ್?” ಅಂತ ಕೇಳಿದರು. ಡ್ಯೂಕ್ ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. “ಇದೋ, ಬಂದ್ರಲ್ಲ” ಎಂದು ನನ್ನನ್ನೂ ಆಂಬ್ರೋಸನನ್ನೂ ಕೈಮಾಡಿ ಕರೆದರು. ನಾನು ‘ಸರ್, ಬೇಡ’ ಎಂದು ಪಿಸುಗುಟ್ಟಿದರೆ, “ಕೂತ್ಕೊಳ್ರಯ್ಯಾ, ಮೂರು ಕುರ್ಚೀನೂ ನಂದೇ. ನನ್ನ ಕುರ್ಚಿ ನಾನು ಯಾರಿಗೆ ಬೇಕಾದ್ರೂ ಕೊಡ್ತೀನಿ” ಅಂದರು.

ಆ ಮಧ್ಯಾಹ್ನ ನಾನು ಅರ್ಲ್ ಆಗಿ ತಣ್ಣನೆಯ ಸಾಲ್ಮನ್ ಮೀನು ತಿಂದೆ. ಆಂಬ್ರೋಸ್ ಬ್ಯಾರನ್. ಮೇಯರ್ ಅವರ ಹೆಂಡತಿ ಅವನ ಜೊತೆ ಗುಲಾಬಿ ಗಿಡಗಳ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ವಾಪಸ್ ಬರುವಾಗ ಕಾರಿನಲ್ಲಿ ಅವನು ಹೇಳಿದ, “ಸಿರಿಲ್, ಅರ್ಲ್ ಆದವನು ಪುಡಿಂಗಿನ ತಟ್ಟೆ ನೆಕ್ಕಬಾರ್ದು ಕಣೋ.”

ಸರಿ. ಈಗ ನಾನು ಹೇಳಬೇಕಾದದ್ದಕ್ಕೆ ಬರುತ್ತೇನೆ. ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ.

ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಬಹಳ ವರ್ಷಗಳ ಹಿಂದೆ ಒಂದು ನವೆಂಬರ್ ಭಾನುವಾರ, ಸೈನಿಕರ ಸ್ಮರಣೆಯ ದಿನ, ಡ್ಯೂಕ್ ತಮ್ಮ ರೆಜಿಮೆಂಟಿನ ಊರಿನಲ್ಲಿ ಹೂವಿನ ಚಕ್ರ ಇಡಲು ಹೋದರು. ಎಡಗಡೆ ಎಂದಿನ ಹಾಗೆ ಸಾಲು ಸಾಲು ಪದಕ. ಬಲಗಡೆ — ಒಂದೇ ಒಂದು. ಮರುದಿನ ಪತ್ರಿಕೆಯಲ್ಲಿ ದೊಡ್ಡ ಚಿತ್ರ. ‘ಎಡ ಬಲ ತಿಳಿಯದ ಡ್ಯೂಕ್’ ಎಂದು ತಲೆಬರಹ. ನೋಡಿದವರೆಲ್ಲ ನಕ್ಕರು. ಎದುರಿಗೆ ನಿಂತು ಹಾಕುವವನಿಗೆ ತನ್ನ ಎಡ ಆ ಕಡೆಯವರ ಬಲ ಆಗುತ್ತದಲ್ಲ, ಅದರಲ್ಲಿ ಆಂಬ್ರೋಸ್ ಎಡವಿದ್ದಾನೆ ಎಂದು ಡ್ಯೂಕ್ ಅವರ ಕಚೇರಿಯವರು ಹೇಳಿಕೆ ಕೊಟ್ಟರು. ಆಂಬ್ರೋಸನನ್ನು ಕೇಳಿದರೆ, “ಹೌದು, ನಂದೇ ತಪ್ಪು” ಎಂದ. ಅಷ್ಟೇ. ಆ ಕ್ರಿಸ್ಮಸ್ ಕಳೆಯುವ ಮೊದಲೇ ಅವನಿಗೆ ನಿವೃತ್ತಿ ಕೊಟ್ಟರು.

ನಾನು ಆ ಭಾನುವಾರ ಕಾರು ಓಡಿಸುತ್ತಿದ್ದೆ. ನನಗೂ ಹಿಂದಿನ ಸೀಟಿಗೂ ನಡುವೆ ಗಾಜು ಏರಿಸಿತ್ತು. ಹಾಗಾಗಿ ಒಂದು ಮಾತೂ ಕೇಳಿಸಲಿಲ್ಲ. ಕನ್ನಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೊದಲು ನೋಡಿದಾಗ ಆಂಬ್ರೋಸ್ ಡ್ಯೂಕ್ ಅವರ ಎದೆಯ ಬಲಗಡೆ ಏನೋ ಸಿಕ್ಕಿಸುತ್ತಿದ್ದ. ಇನ್ನೊಂದು ಸಲ ನೋಡಿದರೆ ಡ್ಯೂಕ್ ಅದನ್ನು ತೆಗೆಯುತ್ತಿದ್ದಾರೆ. ರಸ್ತೆ ಕಡೆ ನೋಡಿ ಮತ್ತೆ ಕನ್ನಡಿ ನೋಡಿದರೆ — ಇಬ್ಬರೂ ಕೈ ಹಿಡಿದು ಎಳೆದಾಡುತ್ತಿದ್ದಾರೆ! ಒಬ್ಬರು ಅಡ್ಮಿರಲ್, ಇನ್ನೊಬ್ಬ ಅವರ ಬೂಟಿಗೆ ಪಾಲಿಶ್ ಹಾಕುವವ. ಆಟಿಕೆಗೆ ಜಗಳವಾಡುವ ಮಕ್ಕಳ ಹಾಗೆ ಎಳೆದಾಡುತ್ತಿದ್ದರು. ಕಾರು ನಿಂತಾಗ ಅದು ಬಲಗಡೆಯೇ ಇತ್ತು. ಇಳಿಯುವಾಗ ಡ್ಯೂಕ್ ಅವರ ಕಣ್ಣು ಕೆಂಪಾಗಿತ್ತು. ಆಂಬ್ರೋಸ್ ಇಳಿಯಲೇ ಇಲ್ಲ.

ಯಾರು ಹಾಕಿದರು, ಯಾರು ಬೇಡ ಎಂದರು? ಆಂಬ್ರೋಸ್‌ನನ್ನು ಎಷ್ಟು ಸಲ ಕೇಳಿದೆನೋ. “ಕಾರು ಓಡಿಸೋನು ಮುಂದೆ ನೋಡ್ಬೇಕು, ಹಿಂದೆ ಅಲ್ಲ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ.

ಮ್ಯೂರಿಯಲ್ ಅವನನ್ನು ಕಡೆಯವರೆಗೂ ಬಿಡಲಿಲ್ಲ. ಅವರ ಮನೆಯಲ್ಲಿ ಭಾನುವಾರದ ಊಟಕ್ಕೆ ಕೂತಾಗೆಲ್ಲ ನಾನೇ ಕೇಳಿದ್ದೇನೆ. “ಫೋರ್ಕು ಎಡಗೈಲಿ ಹಿಡ್ಕೋ ಅಣ್ಣಾ, ಎಡ ಯಾವುದು ಗೊತ್ತಲ್ಲ?” ಅವನು ನಕ್ಕು ಫೋರ್ಕನ್ನು ಎಡಗೈಗೆ ಬದಲಿಸಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮರುದಿನ ಮ್ಯೂರಿಯಲ್ ನನ್ನ ತೋಳು ಹಿಡಿದು ಕೇಳಿದರು, “ಸಿರಿಲ್, ನೀನು ಅಲ್ಲೇ ಇದ್ದೆ. ನಮ್ಮಣ್ಣ ನಿಜವಾಗ್ಲೂ ತಪ್ಪು ಮಾಡಿದ್ನಾ? ಬದುಕೆಲ್ಲಾ ಆ ಒಂದು ಕೆಲಸ ಮಾಡಿದೋನು, ಅಷ್ಟೂ ಗೊತ್ತಾಗ್ಲಿಲ್ವಾ ಅವನಿಗೆ? ಅದೊಂದು ಹೇಳು ನಂಗೆ.” ನನಗೇ ಗೊತ್ತಿರಲಿಲ್ಲ.

ಕಳೆದ ವಾರ ಡ್ಯೂಕ್ ಹೇಳಿಕಳುಹಿಸಿದರು. ಅವರು ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ತಲೆ ಮಾತ್ರ ನಮ್ಮ ನಿಮ್ಮೆಲ್ಲರಿಗಿಂತ ಚೆನ್ನಾಗಿದೆ. ಪಕ್ಕದಲ್ಲಿ ಪದಕಗಳ ಪೆಟ್ಟಿಗೆಗಳನ್ನೆಲ್ಲ ತೆರೆದಿಟ್ಟಿದ್ದರು. “ನಾನು ಸತ್ತ ಮೇಲೆ ಗಾರ್ಟರ್ ಪದಕ ಅರಮನೆಗೆ ವಾಪಸ್ ಹೋಗ್ಬೇಕು ಸಿರಿಲ್. ಮಿಕ್ಕಿದ್ದು ಮಕ್ಕಳಿಗೆ. ಇದೊಂದು ಮಾತ್ರ ಅರಮನೇದೂ ಅಲ್ಲ, ನಂದೂ ಅಲ್ಲ” ಎಂದು ಒಂದು ಪದಕ ನನ್ನ ಕೈಗೆ ಕೊಟ್ಟರು. ನೀಲಿ, ಬಿಳಿ, ಹಸಿರು ಪಟ್ಟಿ. ಪದಕದ ಅಂಚಿನಲ್ಲಿ ಅದು ಯಾರದು ಎಂದು ಹೆಸರು ಕೊರೆದಿರುತ್ತದಲ್ಲ — ಕಿಟಕಿಗೆ ಹಿಡಿದು ಓದಿದೆ.

ಕೆ. ಡನ್‌ಸ್ಟರ್. ಮ್ಯೂರಿಯಲ್ ಅವರ ಕೀತ್.

ಆ ಪದಕ ಥೇಮ್ಸ್ ನದಿಯಲ್ಲಿದೆ ಎಂದು ನಮಗೆಲ್ಲ ಗೊತ್ತಿತ್ತು! ಅದು ಅಂಚೆಯಲ್ಲಿ ಮನೆಗೆ ಬಂದ ದಿನವೇ ಮ್ಯೂರಿಯಲ್ ಅದನ್ನು ಅಣ್ಣನ ಕೈಗೆ ಕೊಟ್ಟು, ‘ಹೊಳೆಗೆ ಎಸಿ, ನನ್ನ ಮಗನ ಬದಲಿಗೆ ಬಿಲ್ಲೆ ಬೇಡ’ ಎಂದಿದ್ದರು. ಎಸೆದೆ ಎಂದು ಅವನು ಹೇಳಿದ್ದ.

ಡ್ಯೂಕ್ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸುತ್ತೇನೆ. “ಅವತ್ತು ಕಾರಲ್ಲಿ ಆಂಬ್ರೋಸ್ ಅಂದ — ‘ಸರ್, ಈ ಹುಡುಗನ ರೆಜಿಮೆಂಟು ಇವತ್ತು ನಡೀತಿದೆ. ಇವನ ಕಡೆಯಿಂದ ನಡೆಯೋಕೆ ಯಾರೂ ಇಲ್ಲ. ಅವನಮ್ಮ ಬರಲ್ಲ. ನಾನು ಕೆಲಸದ ಮೇಲಿದೀನಿ.’ ಹಾಗಂತ ಕೇಳದೆ ಸಿಕ್ಕಿಸಿಬಿಟ್ಟ. ನಾನು ಇವನ ಸಂಬಂಧಿಕ ಅಲ್ಲವಲ್ಲಯ್ಯಾ ಅಂತ ತೆಗೆದುಕೊಟ್ಟೆ. ಕ್ಷಮಿಸಿ ಸರ್ ಅಂತ ಜೇಬಿಗೆ ಹಾಕ್ಕೊಂಡ. ಒಂದಿಷ್ಟು ದೂರ ಹೋದ್ವಿ. ಆ ಹುಡುಗನ ಕರ್ನಲ್ ನಾನು, ಒಂದು ದಿನವೂ ಅವನನ್ನ ನೋಡಿಲ್ಲ. ನಾಚಿಕೆ ಆಯ್ತು. ಕೊಡು ಇಲ್ಲಿ ಅಂದೆ. ಕೊಡಲ್ಲ ಅಂದ. ಕಿತ್ಕೊಂಡೆ. ಸಿಕ್ಕಿಸೋಕೆ ನನಗೆ ಯಾವತ್ತು ಬಂದಿದೆ? ಕೊನೆಗೆ ಅವನೇ ಸಿಕ್ಕಿಸಿದ.”

ಹಾಗಾದರೆ ಪತ್ರಿಕೆಯವರಿಗೆ ಯಾಕೆ ಹೇಳಲಿಲ್ಲ ಸರ್, ಎಂದೆ. ನನ್ನ ದನಿ ಸ್ವಲ್ಪ ಏರಿತ್ತು. ಡ್ಯೂಕ್ ಅವರ ಮುಂದೆ ಹಾಗೆ ಮಾತಾಡಬಾರದು. “ಹೇಳ್ತೀನಿ ಅಂದೆ. ಅವನು ಬಿಡಲಿಲ್ಲ. ‘ಎಸೆದೆ ಅಂತ ನನ್ನ ತಂಗೀಗೆ ಹೇಳಿದೀನಿ ಸರ್. ಅವಳ ಬಾಗಿಲಿಗೆ ಕ್ಯಾಮೆರಾದವರು ಬರೋದು ಬೇಡ. ನನಗೆ ಎಡ ಬಲ ಗೊತ್ತಿಲ್ಲ ಅಂತಾನೇ ಇರ್ಲಿ.’ ಪದಕಾನೂ ವಾಪಸ್ ತಗೊಳ್ಳಲಿಲ್ಲ. ಮನೇಲಿಟ್ರೆ ಅವಳ ಕಣ್ಣಿಗೆ ಬೀಳುತ್ತೆ ಅಂದ. ನಾನು ಸುಮ್ಮನಾದೆ. ಆಗಬಾರ್ದಿತ್ತು.”

ಅಂದರೆ, ತಪ್ಪು ಯಾರದು? ಡ್ಯೂಕ್ ಅವರದೇ? ಆಂಬ್ರೋಸನದೇ? ಇಲ್ಲ, ಇದು ತಪ್ಪೇ ಅಲ್ಲವೇ? ಒಂದು ವಾರದಿಂದ ಯೋಚಿಸುತ್ತಿದ್ದೇನೆ, ಬಗೆಹರಿಯುತ್ತಿಲ್ಲ. ಅಷ್ಟೊಂದು ಬಿರುದು ಇರುವ ಮನುಷ್ಯ ಆ ಬೆಳಿಗ್ಗೆ ಕೀತ್‌ಗೆ ಏನಾಗಿದ್ದರು? ಕರ್ನಲ್ ಎಂದರೆ ಎಡಗಡೆಯ ಮಾತಾಯಿತು. ಬಲಗಡೆ ಅವನ ಪದಕ ಹಾಕಿ ನಿಂತಾಗ ಏನೆಂದು ಕರೆಯಬೇಕು? ಇಂಥದ್ದನ್ನೆಲ್ಲ ನಾನು ಆಂಬ್ರೋಸ್‌ನನ್ನು ಕೇಳುತ್ತಿದ್ದೆ. ಈಗ ಯಾರನ್ನು ಕೇಳಲಿ? ನನಗೆ ಅವನ ಮೇಲೆ ಸಿಟ್ಟಿದೆ, ಇಲ್ಲೇ ಹೇಳಿಬಿಡುತ್ತೇನೆ. ನನಗಾದರೂ ಹೇಳಬಹುದಿತ್ತು. ಇಷ್ಟು ವರ್ಷ ಮುಂದಿನ ಸೀಟಿನಲ್ಲಿ ನನ್ನನ್ನು ಕಲ್ಲಿನ ಹಾಗೆ ಕೂರಿಸಿದ.

ಇವತ್ತು ಬೆಳಿಗ್ಗೆ ಎಲ್ಲವನ್ನೂ ಮ್ಯೂರಿಯಲ್ ಅವರಿಗೆ ಹೇಳಿದೆ. ಪದಕ ಕೊಡಲು ಹೋದೆ, ಮುಟ್ಟಲಿಲ್ಲ. ಅಡುಗೆಮನೆಯ ನಲ್ಲಿ ಬಿಟ್ಟು ಪಾತ್ರೆ ತೊಳೆಯತೊಡಗಿದರು. ಸಭೆಯಲ್ಲಿ ಇದನ್ನು ಎತ್ತುವುದಿಲ್ಲ ಎಂದೆ. ಆಗ ತಿರುಗಿ ನೋಡಿ, “ಎತ್ತು. ಅವನ ಮರ್ಯಾದೆ ಪೇಪರಲ್ಲಿ ಹೋಯ್ತು. ನಾನೂ ಹಂಗಿಸ್ದೆ. ಎಲ್ಲರ ಮುಂದೇನೇ ಹೇಳು” ಅಂದರು. ಅದಕ್ಕೇ ಹೇಳಿದೆ.

ಇಲ್ಲಿ ಸ್ಟ್ಯಾಂಡಿಗೆ ತೂಗುಹಾಕಿರುವುದು ಆಂಬ್ರೋಸನ ಕರಿ ಕೋಟು. ಬೇರೆಯವರ ಎದೆಯನ್ನು ಇಷ್ಟು ಸಿಂಗರಿಸಿದವನ ಕೋಟಿನ ಮೇಲೆ ನಾನು ಯಾವತ್ತೂ ಏನನ್ನೂ ನೋಡಲಿಲ್ಲ. ಪದಕ ಈ ಮೇಜಿನ ಮೇಲೆ, ಅವನ ಫೋಟೊ ಪಕ್ಕದಲ್ಲಿದೆ. ಇದನ್ನು ಏನು ಮಾಡಬೇಕು ಎಂದು ನನಗೆ ತಿಳಿಯದು, ಮ್ಯೂರಿಯಲ್. ನಿಮಗೆ ಬೇಡ ಎಂದರೆ —

— ಇಲ್ಲ, ಇಲ್ಲ, ಕೂತಿರಿ, ನಾನೇ ಕೆಳಗೆ ಬರುತ್ತೇನೆ. — ಬೇಡವೇ? ಸರಿ. ಯಾರಾದರೂ ಅವರಿಗೆ ಮೆಟ್ಟಿಲ ಹತ್ತಿರ ಕೈ ಕೊಡಿ.

— ಪಿನ್ನು ಸ್ವಲ್ಪ ಬಿಗಿ ಇದೆ. ನಿಧಾನ.

ಸ್ನೇಹಿತರೇ, ಮ್ಯೂರಿಯಲ್ ಪದಕವನ್ನು ಅಣ್ಣನ ಕೋಟಿಗೆ ಸಿಕ್ಕಿಸುತ್ತಿದ್ದಾರೆ, ನಾನು ಸಹಾಯ ಮಾಡುವುದಿಲ್ಲ. ಹಾಕಲಿ. ಅವರು ಹಾಕುವವರೆಗೆ ನಾವೆಲ್ಲ ಎದ್ದು ನಿಲ್ಲೋಣ. ಹೊತ್ತು ನೋಡುವುದು ಬೇಡ. ಬಾಯ್ಲರ್ ಪೂರ್ತಿ ಆರಿಸಿಬಿಡಿ. ಆಂಬ್ರೋಸ್ ವಿಟ್‌ಕಮ್‌ಗಾಗಿ, ಕೀತ್‌ಗಾಗಿ, ಒಂದು ಮಾತೂ ಆಡದೆ ನಿಲ್ಲೋಣ.

— ಹೌದು ಮ್ಯೂರಿಯಲ್, ಅದೇ ಕಡೆ. ನಿಮ್ಮ ಎಡಕ್ಕೆ, ಅವನ ಬಲಕ್ಕೆ. ಸರಿಯಾಗಿದೆ.