ಸಮುದ್ರದಾಚೆಯ ನಕಲು

ಸಮುದ್ರದಂಚಿನ ತಕ್ಲೋಬಾನ್ ಪೇಟೆಯಿಂದ ಹೊರಟ ಜೀಪ್ನಿ ಎಂಬ ಪುಟ್ಟ ಬಸ್ಸಿನಲ್ಲಿ ಎಡಿತಾ ಒಣಮೀನಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದುರಿಗೆ ಒಬ್ಬ ಅಜ್ಜಿ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೊಮ್ಮಗಳು. ಹುಡುಗಿ, ದೂರದ ಕಂಪ್ಯೂಟರುಗಳಲ್ಲಿ ಮಾಹಿತಿ ಕಾಪಾಡುವ ‘ಕ್ಲೌಡ್’ ಕೆಲಸದ ಪರೀಕ್ಷೆಗೆ ಎರಡನೆಯ ಸಲ ಹೊರಟಿದ್ದಾಳೆಂದು ಅವರ ಮಾತಿನಲ್ಲೇ ತಿಳಿಯಿತು.

“ಹೋದ ಸಲ ಎಲ್ಲಿ ಎಡವಿದೆ?” ಅಜ್ಜಿ ಕೇಳಿದಳು.

“ಒಂದು ಊರೇ ಮುಳುಗಿಹೋದ್ರೆ ಕಂಪ್ಯೂಟರಲ್ಲಿರೋ ಜನರ ಫೋಟೋ, ಕಾಗದಪತ್ರ ಎಲ್ಲ ಹೇಗೆ ಉಳಿಸ್ತೀಯ ಅಂತ ಕೇಳಿದ್ರು, ಅಜ್ಜಿ. ಓದಿದ್ದೆ. ಆದ್ರೆ ನಮ್ಮನೆಗೆ ನುಗ್ಗಿದ ನೀರೇ ಕಣ್ಮುಂದೆ ಬಂತು.”

ಅಜ್ಜಿ ಮೊಮ್ಮಗಳ ಅಂಗಿಯ ತೋಳು ಸರಿಮಾಡಿದಳು. ಆ ನೀರನ್ನು ಊರೊಳಗೆ ನುಗ್ಗಿಸಿದ ಚಂಡಮಾರುತದಲ್ಲಿ ಎಡಿತಾಳ ಮನೆಯಲ್ಲೂ ಒಂದು ಫೋಟೋ ಉಳಿದಿರಲಿಲ್ಲ.

“ಇವತ್ತು ಕೇಳಿದ್ರೆ ಏನ್ ಹೇಳ್ತೀಯ?”

“ಎಲ್ಲದರ ನಕಲು ಸಮುದ್ರದಾಚೆ, ಬೇರೆ ದೇಶದಲ್ಲಿ ಇಟ್ಟಿರ್ತೀನಿ. ಇಲ್ಲಿರೋದು ಮುಳುಗಿದ್ರೆ ಅಲ್ಲಿರೋದು ತಾನಾಗೇ ಎದ್ದು ಕೆಲಸ ಶುರು ಮಾಡತ್ತೆ.”

“ಯಾರೂ ಹೊತ್ಕೊಂಡು ಓಡಬೇಕಾಗಿಲ್ವಾ?”

“ಯಾರೂ ಓಡಬೇಕಾಗಿಲ್ಲ.”

“ನಿಮ್ಮ ತಾತನ ಫೋಟೋನೂ ಉಳೀತಿತ್ತಾ?”

“ಉಳೀತಿತ್ತು ಅಜ್ಜಿ.”

“ಅದನ್ನ ಮಾಡೋಕೆ ನಿಂಗೆ ಬರತ್ತಾ?”

“ಬರತ್ತೆ. ಪರೀಕ್ಷೆ ಮಾಡೋರೂ ಅದನ್ನ ಒಪ್ಪಬೇಕು, ಅಷ್ಟೇ.”

ಅಜ್ಜಿ ಮೊಮ್ಮಗಳ ಅಂಗೈಯನ್ನು ಮೊದಲ ಸಲ ಕಂಡವಳಂತೆ ತಿರುಗಿಸಿ ತಿರುಗಿಸಿ ನೋಡಿದಳು. ಎಡಿತಾಳೂ ಬುಟ್ಟಿಯ ಮೇಲಿಂದ ಬಗ್ಗಿ ನೋಡಿದಳು. ತಮ್ಮ ನಿಲ್ದಾಣ ಬಂದಾಗ ಅಜ್ಜಿ ಗಾಡಿಯ ಚಾವಣಿ ಬಡಿದಳು.

“ಪೂರ್ತಿ ನಿಲ್ಸಪ್ಪಾ. ಇಳಿಯೋವ್ಳು ಸಾಮಾನ್ಯದವಳಲ್ಲ.”

ಹುಡುಗಿ ನಾಚಿ ತಲೆ ತಗ್ಗಿಸಿ ಇಳಿದಳು, ಅಜ್ಜಿ ಹಿಂದೆಯೇ ಇಳಿದಳು. ಅವರಿಬ್ಬರೂ ರಸ್ತೆ ದಾಟುವ ತನಕ ಡ್ರೈವರ್ ಗಾಡಿ ಹೊರಡಿಸಲಿಲ್ಲ. ಒಳಗಿದ್ದವರು ಯಾರೂ ಅವನನ್ನು ಅವಸರಪಡಿಸಲಿಲ್ಲ.