ಬೆಳಿಗ್ಗೆಯೇ ಬರೆದ ಸಂಜೆಯ ಪುಟ

ಹಲೋ… ಹಲೋ, ಯಾರು ಮಾತಾಡ್ತಿರೋದು? … ಬರೀ ಗಾಳಿ ಕೇಳಿಸ್ತಿದೆಯಲ್ಲ. ತಡೀರಿ, ಹೊಲಿಗೆ ಮಿಶನ್ ನಿಲ್ಲಿಸ್ತೀನಿ. ಹಾಂ, ಈಗ ಹೇಳಿ, ಯಾರು?

… ಓ, ನೀನಾ ತಮ್ಮ. ಏನಪ್ಪ ಈ ಹೊತ್ತಲ್ಲಿ? ನಿನ್ನ ಫೋನು ಸಂಜೆ ಆರಕ್ಕೆ ಅಲ್ವಾ? ಇನ್ನೂ ಹನ್ನೊಂದೂವರೆ. ಕುಡಿತ ಬಿಟ್ಟು ನಲವತ್ತೆರಡು ದಿನ ಆಯ್ತು, ಒಂದು ದಿನಾನೂ ಆರು ಗಂಟೆಗೆ ಮುಂಚೆ ಮಾಡಿದವನಲ್ಲ ನೀನು. ಎಲ್ಲ ಸರಿ ಇದೆಯಾ?

… ಹಾಂ. ಸಂಜೆ ಬೇರೆ ಕೆಲಸ ಇದೆ, ಅದಕ್ಕೆ ಇವತ್ತಿನ ದಿನಚರಿ ಪುಟ ಈಗಲೇ ಓದಿಬಿಡ್ತೀಯಾ. … ಸರಿ ಓದು. ಬೇಡ ಅನ್ನೋಕೆ ನಾನ್ಯಾರು? ಬಿಟ್ಟ ಹೊಸದರಲ್ಲಿ ನಾನೂ ಕುಡಿತ ಬಿಟ್ಟವರ ಬಳಗದಲ್ಲಿ ನನ್ನನ್ನ ನೋಡ್ಕೊಳ್ತಿದ್ದ ಹಿರಿಯನಿಗೆ ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಿ ಪ್ರಾಣ ತಿಂದವನೇ. ಬೈಕೊಂಡೇ ಎತ್ತುತ್ತಿದ್ದ ಮಹಾರಾಯ, ಆದ್ರೆ ಎತ್ತುತ್ತಿದ್ದ. ಮೂರೇ ಪ್ರಶ್ನೆ, ನೆನಪಿದೆಯಲ್ಲ. ಇವತ್ತು ಎಲ್ಲಿ ಆಸೆ ಕೆಣಕಿತು, ಯಾರ ಹತ್ರ ಸುಳ್ಳು ಹೇಳಿದೆ, ನಾಳೆ ಏನು ಸರಿ ಮಾಡ್ಕೋಬೇಕು. ಹೂಂ, ಕೇಳ್ತಿದ್ದೀನಿ.

… ಹೂಂ. … ಎಲ್ಲೂ ಆಸೆ ಆಗಲಿಲ್ಲ. ಒಳ್ಳೇದು. … ಯಾರ ಹತ್ರಾನೂ ಸುಳ್ಳು ಹೇಳಲಿಲ್ಲ. ಹೂಂ. … ಮಧ್ಯಾಹ್ನ ಭಾವನ ಜೊತೆ ನೆರಳಲ್ಲಿ ಕೂತು ಊಟ ಮಾಡಿದೆ, ನನ್ನ ಕೆಲಸ ನೋಡಿ ಹೊಗಳಿದ. ಹೂಂ…

… ತಡಿ. ಒಂದು ನಿಮಿಷ ತಡಿ. ಆ ಕೊನೇ ಸಾಲು ಇನ್ನೊಂದು ಸಲ ಓದು.

… ಮಧ್ಯಾಹ್ನದ ಊಟ. ತಮ್ಮ, ಗೋಡೆ ಗಡಿಯಾರ ನನ್ನ ಎದುರಿಗೇ ಇದೆ. ಹನ್ನೊಂದು ಮೂವತ್ತೈದು. ಯಾವ ಮಧ್ಯಾಹ್ನ ಊಟ ಮಾಡಿದ್ದು ನೀನು?

… ನಿನ್ನೇದಾ? ನಿನ್ನೆ ದಿನವೆಲ್ಲ ಅಕ್ಕನ ಮನೇಲಿದ್ದು ನೀರಿನ ತೊಟ್ಟಿ ತೊಳೆದೆ ಅಂತ ನೀನೇ ಓದಿದ್ದೆ. ಭಾವ ಕೆಲಸ ಹುಡುಕ್ಕೊಂಡು ಹೊರಗೆ ಹೋಗಿದ್ದಾನೆ ಅಂದಿದ್ದೆ. ನನಗೆ ವಯಸ್ಸಾಗಿರಬಹುದು, ಮರೆವು ಬಂದಿಲ್ಲ.

… ಅಂದ್ರೆ ಬೆಳಿಗ್ಗೆಯೇ ಬರೆದಿಟ್ಟೆ. ಇನ್ನೂ ನಡೀದೇ ಇರೋ ದಿನಾನ. … ಎಷ್ಟು ಪುಟ ಹೀಗೆ? ಎಣಿಸಿ ಹೇಳು, ಎಷ್ಟು? … ಹತ್ತು. ಹತ್ತು ದಿನದಿಂದ ಎದ್ದ ತಕ್ಷಣ ಬರೆದು, ಸಂಜೆ ನನಗೆ ಓದ್ತಾ ಇದ್ದೀಯ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ. ಅದನ್ನೂ ತಂದು ದರ್ಜಿಗೇ ತೋರಿಸ್ತಿದ್ದೀಯಲ್ಲೋ.

… ಬೈತಿಲ್ಲ ಕಣೋ. ಭಯ ಆಗ್ತಿದೆ ನನಗೆ, ಅದಕ್ಕೇ ದನಿ ಏರ್ತಿದೆ. ತಪ್ಪು ನಂದೂ ಇದೆ. ಒಂದು ಕಡೇನೂ ತಡವರಿಸದೆ ಎಷ್ಟು ಚೆನ್ನಾಗಿ ಓದ್ತಾನೆ ಅಂತ ನಮ್ಮ ಬಳಗದಲ್ಲಿ ಎಲ್ಲರ ಮುಂದೆ ನಿನ್ನ ಹೊಗಳಿದೆ. ಆಗಲೇ ಅನುಮಾನ ಬರಬೇಕಿತ್ತು. ಬಿಟ್ಟು ಒಂದು ತಿಂಗಳಾದವನ ದಿನ ಅಷ್ಟು ನೆಟ್ಟಗೆ ಇರೋದಿಲ್ಲ. ನಂದು ಇರಲಿಲ್ಲ.

… ಸಂಜೆ ಯಾಕಾಗಲ್ಲ ಅದನ್ನ ಹೇಳು. ಏನು ಕೆಲಸ ಸಂಜೆ? … ಹಾಂ? … ನಿಧಾನ ಮಾತಾಡು, ನಾಲಿಗೆ ಯಾಕೆ ಹೀಗೆ ಎಳೀತಿದೆ?

… ಕುಡಿದಿದ್ದೀಯಾ ಅಂತ ನಾನು ಕೇಳೇ ಇಲ್ಲವಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.

… ಎಷ್ಟು? … ಎರಡು ಗುಟುಕು. ನಾನೂ ಎರಡೇ ಗುಟುಕು ಅಂತಿದ್ದೆ, ನನ್ನ ಹೆಂಡತಿ ಬಾಟಲಿ ಎತ್ತಿ ಬೆಳಕಿಗೆ ಹಿಡೀತಿದ್ದಳು. ನಿಜ ಹೇಳು. … ಅರ್ಧ. ಸರಿ. ಅರ್ಧ ಬಾಟಲಿ. ಹೇಳಿದ್ಯಲ್ಲ, ಅಷ್ಟರ ಮಟ್ಟಿಗೆ ಸಾಕು. ಸಂಜೆ ಆರಕ್ಕೆ ಮಾತೇ ಹೊರಡಲ್ಲ ಅಂತ ನಿನಗೆ ಗೊತ್ತಿತ್ತು, ನಾಲಿಗೆ ನೆಟ್ಟಗಿರುವಾಗಲೇ ಓದಿ ಮುಗಿಸೋಣ ಅಂದ್ಕೊಂಡೆ. ಅಲ್ವಾ?

… ಅಳಬೇಡ. ಆಮೇಲೆ ಅಳೋಣ, ನಾನೂ ಬರ್ತೀನಿ ಜೊತೆಗೆ. ಎಲ್ಲಿದ್ದೀಯ ಈಗ? ಮನೇಲಾ? … ಮನೆಯೊಳಗೆ ಇಷ್ಟು ಗಾಳಿ ಎಲ್ಲಿಂದ ಬಂತು?

… ತಾರಸಿ. ಯಾವ ತಾರಸಿ? … ಎಂಟು ಮಹಡಿ. ಬಸ್ಸು ತಿರುಗೋ ಮೂಲೇಲಿ, ಹಳದಿ ಕಟ್ಟಡ, ಮುಂದೆಲ್ಲ ಗಾಜು. ಗೊತ್ತು, ಗೊತ್ತು, ನಮ್ಮ ಅಂಗಡಿಯಿಂದ ಎರಡು ಬೀದಿ. ಅಂದ್ರೆ ಕೆಲಸದ ಮೇಲಿದ್ದೀಯ.

… ತಮ್ಮ. ನಿನ್ನ ಭಾವ ಎಲ್ಲಿ?

… ಹಲೋ. ನಿನ್ನ ಭಾವ ಎಲ್ಲಿ ಅಂತ ಕೇಳಿದೆ.

… ಅಯ್ಯೋ ದೇವರೇ.

… ಇಲ್ಲ, ಇಲ್ಲ, ಏನಿಲ್ಲ, ಇದ್ದೀನಿ. ನೀನು ಅಲ್ಲಾಡಬೇಡ. ಅವನು ಹಲಗೆ ಮೇಲೆ ಕೂತು ಕೆಳಗೆ ಗಾಜು ಒರೆಸ್ತಿದ್ದಾನೆ, ಮೇಲೆ ಹಗ್ಗ ಕಾಯೋನು ನೀನು. ಒಬ್ಬ ನೇತಾಡ್ತಾನೆ, ಒಬ್ಬ ಕಾಯ್ತಾನೆ ಅಂತ ಬಳಗಕ್ಕೆ ಬಂದ ಮೊದಲ ವಾರಾನೇ ನೀನು ಹೇಳಿದ್ದೆ. ಈಗ ಹಗ್ಗ ಕೈಲಿದೆಯಾ, ಕಟ್ಟಿದ್ದೀಯಾ? … ಕಬ್ಬಿಣದ ಬಳೆಗೆ ಗಂಟು ಹಾಕಿದ್ದೀಯ. ಬಾಟಲಿ ತೆಗೆಯೋಕೆ ಮುಂಚೆ ಹಾಕಿದ ಗಂಟಾ, ತೆಗೆದ ಮೇಲೆ ಹಾಕಿದ್ದಾ?

… ತೆಗೆದ ಮೇಲೆ. ಹೂಂ. ಸರಿಯಾಗಿ ಬಿದ್ದಿದೆಯಾ ಗಂಟು? … ಗೊತ್ತಿಲ್ಲ ಅಂದ್ರೆ ಏನರ್ಥ? … ಬೇಡ. ಮುಟ್ಟಿ ನೋಡಬೇಡ. ಬಿಚ್ಚಿ ಮತ್ತೆ ಕಟ್ಟೋ ಶೂರತನ ಅಂತೂ ಬೇಡವೇ ಬೇಡ. ಆ ಕೈಗಳನ್ನ ತೊಡೆ ಕೆಳಗೆ ಇಟ್ಕೊಂಡು ಕೂತ್ಕೋ. ಫೋನು ಹೆಗಲಿಗೆ ಸಿಕ್ಕಿಸ್ಕೋ. ಸೊಂಟದ ಬೆಲ್ಟು ಇದೆಯಲ್ಲ ಅವನಿಗೆ? … ಅದೂ ಇದೇ ಹಗ್ಗಕ್ಕೇ. ಚೆನ್ನಾಯ್ತು.

… ಸೀಟಿ? ಹಾಂ, ಹೇಳು. ಒಂದು ಸಲ ಊದಿದ್ರೆ ಹಗ್ಗ ಸಡಿಲ ಬಿಡಬೇಕು, ಒಂದು ಮಹಡಿ ಇಳಿಸಬೇಕು. ಎರಡು ಸಲ ಊದಿದ್ರೆ ನಿಲ್ಲಿಸಬೇಕು. ಈಗ ಎಷ್ಟನೇ ಮಹಡೀಲಿದ್ದಾನೆ? … ಐದು. ಮುಂದಿನ ಸೀಟಿ ಎಷ್ಟೊತ್ತಿಗೆ? … ಕಾಲು ಗಂಟೆಯೊಳಗೆ. ಸರಿ.

… ಅವನನ್ನ ಮೇಲೆ ಎಳ್ಕೊಳ್ಳೋಕೆ ಆಗಲ್ಲ, ನಿನಗೆ ಈಗ ನೀನೇ ಭಾರ. ಕಿಟಕಿ? ಐದನೇ ಮಹಡಿ ಕಿಟಕಿಯಿಂದ ಒಳಗೆ ಹೋಗಬಹುದಾ ಅವನು? … ಒಳಗಿಂದ ಚಿಲಕ. ಇವತ್ತು ಭಾನುವಾರ, ಆಫೀಸೆಲ್ಲ ಬೀಗ. ಬೀಗದ ಕೈ ವಾಚ್‌ಮನ್ ಹತ್ರ, ವಾಚ್‌ಮನ್ ಕೆಳಗೆ ಗೇಟಲ್ಲಿ. ಅವನ ನಂಬರ್ ನಿನ್ನ ಹತ್ರ ಇಲ್ಲ, ಭಾವನ ಫೋನಲ್ಲಿದೆ, ಭಾವನ ಫೋನು ಭಾವನ ಜೇಬಲ್ಲಿ. … ಎದ್ದು ಹೋಗಬೇಡ. ಎಂಟು ಮಹಡಿ ಮೆಟ್ಟಿಲು ಇಳಿಯೋ ಕಾಲು ಅಲ್ಲ ಅದು ಈಗ. ಹಗ್ಗದ ಹತ್ರಾನೇ ಇರು. ಲೈನಲ್ಲಿರು.

ಇವಳೇ… ಏ ಇವಳೇ, ಅದನ್ನ ಅಲ್ಲೇ ಬಿಡು, ಇಲ್ಲಿ ಬಾ. ಮೂಲೆಯ ಹಳದಿ ಕಟ್ಟಡ. ಓಡು. ಗೇಟಲ್ಲಿ ವಾಚ್‌ಮನ್ ಇರ್ತಾನೆ, ಐದನೇ ಮಹಡಿ ಮುಂದಿನ ಕಿಟಕಿ ಒಳಗಿಂದ ತೆರೀಬೇಕು ಅನ್ನು, ಗಾಜು ಒರೆಸೋನನ್ನ ಒಳಗೆ ಎಳ್ಕೋಬೇಕು. ಯಾಕೆ ಅಂತ ಆಮೇಲೆ ಕೇಳು. ಮೇಲೆ ಹಗ್ಗ ಕಾಯ್ತಿರೋ ನಮ್ಮ ಬಳಗದ ಹುಡುಗ ಕುಡಿದಿದ್ದಾನೆ. ಹೋಗು, ಚಪ್ಪಲಿ ಬೇಡ, ಹೋಗು.

… ಹಲೋ, ಹಾಂ, ಇದ್ದೀಯಾ? ನಮ್ಮಾಕೆ ಹೊರಟಳು. ಮಂಡಿನೋವು ಅಂತಾಳೆ, ಆದ್ರೂ ನನಗಿಂತ ಚುರುಕು. ಅಯ್ಯೋ, ಫೋನು ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗಿದ್ದಾಳೆ.

… ಏನು? … ಇಲ್ಲ. ಆ ಮಾತು ಆಡಬೇಡ. ಐದು ಮಹಡಿ ತಾನೇ, ಮೆಲ್ಲಗೆ ಇಳಿಸಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ ಅಂತೀಯ, ಅಲ್ವಾ? ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ. ಅವನಿಗೆ ಕೂಗಿ ಹೇಳು. ನಾನು ಕುಡಿದಿದ್ದೀನಿ, ಗಂಟು ನಂಬಬೇಡ, ಸೀಟಿ ಊದಬೇಡ, ಕಿಟಕಿ ಚೌಕಟ್ಟು ಗಟ್ಟಿಯಾಗಿ ಹಿಡ್ಕೋ, ಒಳಗಿಂದ ತೆರೀತಾರೆ ಅಂತ. ಐದೇ ಮಾತು.

… ಗೊತ್ತು. ಇನ್ನೊಂದು ಸಲ ಬಾಯಿ ವಾಸನೆ ಬಂದ್ರೆ ನನ್ನ ಮನೆ ಮೆಟ್ಟಿಲು ಹತ್ತಬೇಡ ಅಂದಿದ್ದಾನೆ. ಅಕ್ಕನೂ ಇನ್ನು ನಿನ್ನ ಪರವಾಗಿ ಮಾತಾಡಲ್ಲ. ಕೆಲಸಾನೂ ಹೋಗುತ್ತೆ. ಹೋಗಲ್ಲ ಅಂತ ನಾನು ಹೇಳಲ್ಲ. ಹೋಗುತ್ತೆ. ನಮ್ಮ ಅಂಗಡಿ ಹಿಂದೆ ಒಂದು ಕೋಣೆ ಇದೆ, ಬಟ್ಟೆ ಚೂರು ತುಂಬಿದೆ, ಅದನ್ನ ಗುಡಿಸಿದ್ರೆ ಒಬ್ಬ ಮಲಗಬಹುದು. ಅದು ಆಮೇಲಿನ ಮಾತು. ಈಗ ಕೂಗು.

… ಆಗಲ್ಲ ಅಂತೀಯ.

… ಸರಿ. ಹಾಗಾದ್ರೆ ನಾನು ಒಂದು ಪುಟ ಓದ್ತೀನಿ, ಕೇಳು. ಹನ್ನೊಂದು ವರ್ಷದಿಂದ ಬರೀದೇ ಇರೋ ಪುಟ. ನಾನು ತಗಡಿನ ಡಬ್ಬಿ ಕಾರ್ಖಾನೇಲಿ ಪ್ರೆಸ್ ಮಿಶನ್ ಮೇಲಿದ್ದೆ. ನಾನು ಪೆಡಲ್ ತುಳಿಯೋನು, ನನ್ನ ಜೊತೆಗಾರ ತಗಡು ಇಡೋನು. ನಿಮ್ಮ ಹಾಗೇ ಇಬ್ಬರ ಕೆಲಸ. ಅವನು ಕೈ ತೆಗೆದ ಮೇಲೆ ತುಳೀಬೇಕು. ಅವತ್ತು ತೆಗೆಯೋಕೆ ಮುಂಚೆ ತುಳಿದೆ. ನಾಲ್ಕು ಬೆರಳು.

… ಹಾಂ, ಮಿಶನ್ ಕೆಟ್ಟಿತ್ತು ಅಂತಾನೇ ಬಳಗದಲ್ಲಿ ಹೇಳೋದು. ನಿನಗೂ ಹಾಗೇ ಹೇಳಿದ್ದೆ. ಮಿಶನ್ ನೆಟ್ಟಗೇ ಇತ್ತು. ಅವನು ಕೂಗ್ಕೊಂಡಾಗ ನಾನು ಮೊದಲು ಏನು ಮಾಡಿದೆ ಗೊತ್ತಾ? ಅವನ ಕಡೆ ತಿರುಗಿ ನೋಡಲಿಲ್ಲ. ಬಾಟಲಿ ತಗಡಿನ ರಾಶಿ ಹಿಂದೆ ತಳ್ಳಿ, ನಲ್ಲಿ ಹತ್ರ ಹೋಗಿ ಬಾಯಿ ಮುಕ್ಕಳಿಸಿದೆ. ಅಷ್ಟು ಹೊತ್ತೂ ಅವನ ಕೈ ಮಿಶನ್ ಒಳಗೇ ಇತ್ತು. ಪೆಡಲ್ ಮೇಲೆತ್ತೋಕೆ ನಾನೇ ಬರಬೇಕಿತ್ತು.

… ಹೌದು. ನಿನಗೆ ದಿನಾ ಮೂರು ಪ್ರಶ್ನೆ ಕೇಳೋನು ಇವನೇ. ಸುಳ್ಳು ಪುಟ ಓದೋದು ನೀನು ಯಾರಿಂದ ಕಲಿತೆ ಅಂತ ಈಗ ಗೊತ್ತಾಯ್ತಲ್ಲ. ಉಗಿ ನನ್ನ ಮುಖಕ್ಕೆ, ಬೇಕಾದಷ್ಟು ಉಗಿ. ಆದ್ರೆ ಮೊದಲು ಭಾವನ್ನ ಕೂಗು.

… ಅದೇನು ಸದ್ದು? … ಸೀಟಿ. ಒಂದು ಸಲ. ಕೇಳಿಸ್ತು ನನಗೂ. ತಮ್ಮ, ಕೈ ಎಲ್ಲಿದೆ? ಗಂಟಿನ ಹತ್ರ ಹೋಗ್ತಿದೆಯಾ? ವಾಪಸ್ ತಗೋ. ಕೈ ವಾಪಸ್ ತಗೋ ಅಂದೆ.

… ಊದಲಿ. ಎಷ್ಟು ಸಲ ಬೇಕಾದ್ರೂ ಊದಲಿ. ನೀನು ಬಾಯಿ ತೆರಿ.

… ಹಾಂ. … ಹಾಂ. ಇನ್ನೂ ಗಟ್ಟಿಯಾಗಿ. … ಕೇಳಿಸ್ತು. ಪೂರ್ತಿ ಕೇಳಿಸ್ತು ಕಣೋ. ಹತ್ತು ದಿನದಲ್ಲಿ ನೀನು ಓದಿದ ಮೊದಲನೇ ನಿಜವಾದ ಪುಟ ಅದು. ಏನಂದ ಅವನು?

… ಏನೂ ಅನ್ನಲಿಲ್ಲ. ಕೇಳಿಸ್ತಾ ಇಲ್ವಾ ಅವನಿಗೆ? ಸೀಟಿ ನಿಂತಿದೆ ತಾನೇ, ಅಂದ್ರೆ ಕೇಳಿಸಿದೆ. ಗಾಳೀಲಿ ಉತ್ತರ ಮೇಲೆ ಬಂದಿಲ್ಲ ಅಷ್ಟೇ. ನಮ್ಮಾಕೆ ಇಷ್ಟೊತ್ತಿಗೆ ಗೇಟು ಮುಟ್ಟಿರ್ತಾಳೆ. ಮೆಟ್ಟಿಲು ಹತ್ತಬೇಕು, ಬೀಗ ತೆರೀಬೇಕು, ಚಿಲಕ ತೆಗೀಬೇಕು. ಹೊತ್ತಾಗುತ್ತೆ. ಕೂತಿರು. ಹಗ್ಗ ನೋಡ್ತಾ ಇರು, ಮುಟ್ಟಬೇಡ. ಹೇಗಿದೆ ಹಗ್ಗ?

… ಬಿಗಿಯಾಗಿದೆ. ಒಳ್ಳೇದು. ಬಿಗಿಯಾಗಿದ್ರೆ ಅವನಿದ್ದಾನೆ. … ಅಲ್ಲಾಡ್ತಿದೆಯಾ? ಗಂಟು? … ಒಂದು ಎಳೆ ಜಾರಿತಾ? ಎಷ್ಟು? … ಅಳತೆ ಬೇಡ ಬಿಡು. ಮುಟ್ಟಬೇಡ.

… ಹಲೋ? … ಏನಾಯ್ತು?

… ಸಡಿಲ ಆಯ್ತಾ? ಹಗ್ಗ ಸಡಿಲ ಆಯ್ತಾ? … ಗಂಟು ಹಾಗೇ ಇದೆ, ಹಗ್ಗ ಮಾತ್ರ ಜೋತುಬಿದ್ದಿದೆ. ಹೂಂ. ಹೂಂ. ಅಂದ್ರೆ ಭಾರ ಇಳಿದಿದೆ. ಬೆಲ್ಟು ಬಿಚ್ಚಿ ಒಳಗೆ ಹೋಗಿರ್ತಾನೆ. ಹೋಗಿರ್ತಾನೆ. … ಇಲ್ಲ, ನನಗೆ ಹೇಗೆ ಗೊತ್ತಾಗಬೇಕು, ನಾನು ಇಲ್ಲಿ ಮಿಶನ್ ಮುಂದೆ ಕೂತಿದ್ದೀನಿ.

… ನೋಡು. ಅಂಚಿಗೆ ಹೋಗಿ ಕೆಳಗೆ ನೋಡು. … ಧೈರ್ಯ ಇಲ್ಲ ಅಂತ ಗೊತ್ತು. ನನಗೂ ಅವತ್ತು ಇರಲಿಲ್ಲ, ಹನ್ನೊಂದು ವರ್ಷದಿಂದ ಆ ನಲ್ಲಿ ಹತ್ರಾನೇ ನಿಂತಿದ್ದೀನಿ. ನೀನು ನಿಲ್ಲಬೇಡ. … ಆ ಬಾಟಲಿ ಹಾಗೇ ಬಿದ್ದಿರಲಿ, ಬಚ್ಚಿಡೋಕೆ ಹೋಗಬೇಡ, ನನಗೆ ಸದ್ದು ಕೇಳಿಸ್ತಿದೆ. ಬಿಡು ಅದನ್ನ.

… ಹಾಂ. ಹಾಗೆ. ನಿಲ್ಲಬೇಡ, ಹೊಟ್ಟೆ ಮೇಲೆ ಮಲಗಿ ತೆವಳ್ಕೊಂಡು ಹೋಗು. … ಅಂಚು ಸಿಕ್ತಾ? … ತಲೆ ಹೊರಗೆ ಹಾಕು. ಕಣ್ಣು ತೆರಿ. ಕಂಡಿದ್ದು ಕಂಡ ಹಾಗೆ ಹೇಳು, ಒಂದಕ್ಷರ ಸೇರಿಸಬೇಡ.

… ಹಲಗೆ. ಹೂಂ, ಹಲಗೆ ಕಾಣಿಸ್ತಿದೆ. … ಖಾಲಿ. ಹಲಗೆ ಖಾಲಿ.

… ಕಿಟಕಿ ತೆರೆದಿದೆಯಾ? … ತಮ್ಮ, ಹಲಗೆ ಪಕ್ಕದ ಕಿಟಕಿ ನೋಡು. ತೆರೆದಿದೆಯಾ, ಮುಚ್ಚಿದೆಯಾ? … ಹಲೋ? ಗಾಳಿ ಬಿಟ್ರೆ ಏನೂ ಕೇಳಿಸ್ತಿಲ್ಲ. ಕಿಟಕಿ ತೆರೆದಿದೆಯಾ ಅಂತ ಕೇಳಿದೆ… ಹಲೋ… ಹಲೋ…